ಒಂದೇ ಮಧ್ಯಾಹ್ನ, ಒಬ್ಬರೇ ತಾತ, ಎರಡು ಫೋಟೋ: ಯಾವುದು ಯಾರದ್ದು?

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ. ಓದೋಕೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)



ಇವತ್ತು ನಾನು ನಿಮಗೆ ಒಬ್ಬ ಫೋಟೋಗ್ರಾಫರ್ ಬಗ್ಗೆ ಹೇಳ್ತೀನಿ. ಮನೆ ಬಂಗಾರಪೇಟೆಯಲ್ಲಿ, ರೈಲ್ವೆ ಸ್ಟೇಷನ್‌ನಿಂದ ನಡ್ಕೊಂಡು ಹೋಗೋ ದೂರ. ಕೆಲಸ ಹೆಚ್ಚಾಗಿ ಕೆಜಿಎಫ್‌ನಲ್ಲಿ. ಯಾವ ಪತ್ರಿಕೆಯಲ್ಲೂ ನೌಕರಿ ಇಲ್ಲ, ಸ್ಟುಡಿಯೋನೂ ಇಲ್ಲ. ಕರೆದವರ ಹತ್ರ ಹೋಗ್ತಾನೆ, ತೆಗೀತಾನೆ, ಬಿಲ್ ಕಳಿಸ್ತಾನೆ. ನನ್ನ ಕಾಲೇಜಿನ ಗೆಳೆಯ. "ಹೆಸರು ಬೇಡ ಮಚ್ಚಾ, ಕ್ಲೈಂಟ್‌ಗಳು ಕೇಳಿಸ್ಕೊಳ್ತಾರೆ" ಅಂದ. ಹಾಗಾಗಿ ಹೆಸರಿಲ್ಲದೇನೇ ಮಾತಾಡೋಣ.

ಕಳೆದ ಕೆಲವು ತಿಂಗಳಲ್ಲಿ ಅವನ ಜೊತೆ ಮೂರು ಕೆಲಸಕ್ಕೆ ನಾನೂ ಹೋಗಿದ್ದೆ. ಒಂದು ಫುಟ್ಬಾಲ್ ಫೈನಲ್, ಒಂದು ರಾತ್ರಿ ಕಬಡ್ಡಿ, ಒಂದು ಪೋರ್ಟ್ರೇಟ್. ಮೂರನೇದರಲ್ಲಿ ಒಂದು ಸಮಸ್ಯೆ ಆಯ್ತು. ಆ ಸಮಸ್ಯೆ ಅರ್ಥ ಆಗ್ಬೇಕು ಅಂದ್ರೆ ಮೊದಲು ಈ ಕೆಲಸ ಹೇಗೆ ನಡೆಯುತ್ತೆ ಅಂತ ಗೊತ್ತಾಗ್ಬೇಕು. ಅದಕ್ಕೇ ಈ ಎಪಿಸೋಡ್.

ಊರು ಗೊತ್ತಿಲ್ಲದವರಿಗೆ ಎರಡು ನಿಮಿಷ

ಕೆಜಿಎಫ್ ಅಂದ ತಕ್ಷಣ ನಿಮ್ಮ ತಲೆಗೆ ಬರೋದು 2018 ಮತ್ತು 2022ರ ಸಿನಿಮಾ. ಕಪ್ಪು ಮಸಿ, ಧೂಳು, ಸುತ್ತಿಗೆ. ಆದ್ರೆ ನಿಜವಾದ ಊರಲ್ಲಿ ಶಾಲೆಗಳಿವೆ, ಚರ್ಚ್‌ಗಳಿವೆ, ದೇವಸ್ಥಾನ ಮಸೀದಿಗಳಿವೆ, ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ ಇದೆ, ಬೆಮೆಲ್ ಕಾರ್ಖಾನೆ ಇದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಬ್ರಿಟಿಷ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಗಣಿಗಾರಿಕೆ ದೊಡ್ಡದಾಗಿ ಬೆಳೀತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟ್ ಬಂತು, ಬೆಂಗಳೂರಿಗಿಂತ ಮುಂಚೆ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದಿತ್ತು. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕ್ತು.

ಆಮೇಲೆ ಏನಾಯ್ತು? ಬೆಳಿಗ್ಗೆ ಮಾರಿಕುಪ್ಪಂನಿಂದ ಹೊರಡೋ ಟ್ರೇನ್ ನೋಡಿದ್ರೆ ಗೊತ್ತಾಗುತ್ತೆ. ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರೋ ಹೊತ್ತಿಗೆ ನಿಲ್ಲೋಕೂ ಜಾಗ ಇರಲ್ಲ. ಎಲ್ಲರೂ ಬೆಂಗಳೂರಿಗೆ ಕೆಲಸಕ್ಕೆ. ಚಿನ್ನದ ಗಣಿಗೆ ಅಂತ 1894ರಲ್ಲಿ ಹಾಕಿದ ಲೈನು ಈಗ ಜನರನ್ನ ದಿನಾ ಊರಿಂದ ಆಚೆ ಕರ್ಕೊಂಡು ಹೋಗಿ ರಾತ್ರಿ ವಾಪಸ್ ತಂದು ಬಿಡುತ್ತೆ.

ಊರಲ್ಲಿ ಉಳಿದಿರೋ ಇನ್ನೊಂದು ದೊಡ್ಡ ವಸ್ತು ಸೈನೈಡ್ ದಿಬ್ಬಗಳು. ಅದಿರನ್ನ ಪುಡಿ ಮಾಡಿ, ಸೈನೈಡ್‌ನಲ್ಲಿ ಚಿನ್ನ ಬೇರ್ಪಡಿಸಿ, ಉಳಿದ ಮಣ್ಣನ್ನ ಗುಡ್ಡೆ ಹಾಕಿದ್ದು. ಬಣ್ಣ ಮಸುಕು ಬಿಳಿ, ಕೆಲವು ಕಡೆ ಹಳದಿ. ಈ ದಿಬ್ಬಗಳು ನಮ್ಮ ಕಥೆಗೆ ಬೇಕು, ನೆನಪಿಟ್ಕೊಳ್ಳಿ.

ಮೊದಲ ಕೆಲಸ: ಭಾನುವಾರದ ಫುಟ್ಬಾಲ್

ಗಣಿ ಕಾಲದಿಂದಲೂ ಈ ಊರಿಗೆ ಆಟದ ಹುಚ್ಚು. ಫುಟ್ಬಾಲ್, ಹಾಕಿ, ಬಾಕ್ಸಿಂಗ್, ಯಾವುದನ್ನೂ ಬಿಟ್ಟಿಲ್ಲ. ಲೋಕಲ್ ಟೂರ್ನಮೆಂಟ್‌ಗೆ ಬೆಂಗಳೂರು ಪತ್ರಿಕೆಯವರು ಬರಲ್ಲ. ಆಯೋಜಕರು ನನ್ನ ಗೆಳೆಯನಿಗೆ ಫೋನ್ ಮಾಡ್ತಾರೆ. "ಕಪ್ ಕೊಡೋದು ಬೇಕು, ಗೋಲ್ ಹೊಡೆಯೋದು ಬೇಕು, ಅತಿಥಿಗಳು ಎಲ್ಲ ಫೋಟೋದಲ್ಲೂ ಬೇಕು."

ಅವನು ಗೋಲ್ ಪೋಸ್ಟ್ ಹಿಂದೆ, ಸ್ವಲ್ಪ ಪಕ್ಕಕ್ಕೆ, ಕೆಂಪು ಮಣ್ಣಲ್ಲಿ ಕೂತ. ಯಾಕೆ ಅಲ್ಲೇ ಅಂತ ಕೇಳಿದೆ. "ಮುಖ ಈ ಕಡೆ ಬರುತ್ತೆ. ಪಕ್ಕದ ಗೆರೇಲಿ ನಿಂತ್ರೆ ಬರೀ ಕಾಲು ಓಡೋದು ಸಿಗುತ್ತೆ" ಅಂದ. ನೆಲಕ್ಕೆ ಕೂತ್ರೆ ಆಟಗಾರ ಎತ್ತರವಾಗಿ ಕಾಣ್ತಾನೆ, ಹಿಂದಿನ ಬೈಕು, ಕಸ, ಶಾಮಿಯಾನ ಫ್ರೇಮಿಂದ ಆಚೆ ಹೋಗುತ್ತೆ.

ಈಗ ಒಂದು ಸಣ್ಣ ಲೆಕ್ಕ. ಜೋರಾಗಿ ಒದ್ದ ಬಾಲ್ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಹೋಗ್ತಿದೆ ಅಂತಿಟ್ಕೊಳ್ಳಿ. ಅಂದ್ರೆ ಸೆಕೆಂಡಿಗೆ 25 ಮೀಟರ್. ಕ್ಯಾಮೆರಾದ ಶಟರ್ ಸೆಕೆಂಡಿನ 250ನೇ ಒಂದು ಭಾಗ ತೆರೆದಿದ್ರೆ ಆ ಹೊತ್ತಲ್ಲಿ ಬಾಲ್ 10 ಸೆಂಟಿಮೀಟರ್ ಜರುಗುತ್ತೆ. ಫೋಟೋದಲ್ಲಿ ಬಾಲ್ ಬದಲು ಒಂದು ಉದ್ದನೆ ಮಸುಕು ಗೆರೆ ಸಿಗುತ್ತೆ. ಶಟರ್‌ನ 2000ನೇ ಒಂದು ಭಾಗಕ್ಕೆ ಇಳಿಸಿದ್ರೆ ಬಾಲ್ ಜರುಗೋದು ಒಂದೂಕಾಲು ಸೆಂಟಿಮೀಟರ್ ಅಷ್ಟೇ. ಹೊಲಿಗೆ ಕೂಡ ಕಾಣುತ್ತೆ. ಆದ್ರೆ ಶಟರ್ ಅಷ್ಟು ಬೇಗ ಮುಚ್ಚಿದ್ರೆ ಒಳಗೆ ಬರೋ ಬೆಳಕು ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಅದನ್ನ ಸರಿದೂಗಿಸೋಕೆ ಅಗಲ ಬಾಯಿಯ ಲೆನ್ಸ್ ಬೇಕು. ಅದು ದುಬಾರಿ. ಸ್ಪೋರ್ಟ್ಸ್ ಫೋಟೋಗ್ರಾಫರ್‌ಗಳು ಹೊತ್ಕೊಂಡು ತಿರುಗೋ ಆ ದೊಡ್ಡ ಲೆನ್ಸ್‌ಗೆ ದೂರದ್ದು ಹತ್ರ ಕಾಣಿಸೋದು ಒಂದು ಕೆಲಸ, ಬೆಳಕು ಜಾಸ್ತಿ ಒಳಗೆ ಬಿಡೋದು ಇನ್ನೊಂದು.

ಅವತ್ತು ಸಂಜೆ ನಾಲ್ಕೂವರೆಗೆ ಇನ್ನೊಂದು ತೊಂದರೆ ಶುರುವಾಯ್ತು. ಗಾಳಿ. ಬೇಸಿಗೇಲಿ ಗಾಳಿ ಎದ್ರೆ ದಿಬ್ಬದ ಪುಡಿ ಊರ ಮೇಲೆಲ್ಲ ಹಾರುತ್ತೆ. ಊರಿನ ಜನಕ್ಕೆ ಇದು ಉಸಿರಿನ ವಿಷಯ, ಎಷ್ಟೋ ವರ್ಷದ ದೂರು. ಕ್ಯಾಮೆರಾಗೂ ಅದೇ ಶತ್ರು. ಹೊರಗಡೆ ಲೆನ್ಸ್ ಬಿಚ್ಚಿ ಬೇರೆ ಹಾಕಿದ್ರೆ ಪುಡಿ ಸೆನ್ಸರ್ ಮೇಲೆ ಕೂರುತ್ತೆ, ಮುಂದಿನ ಸಾವಿರ ಫೋಟೋದಲ್ಲೂ ಅದೇ ಕಪ್ಪು ಚುಕ್ಕೆ. ಅದಕ್ಕೇ ಅವನು ಒಂದೇ ಲೆನ್ಸಲ್ಲಿ ಇಡೀ ಮ್ಯಾಚ್ ಮುಗಿಸಿದ.

ಮ್ಯಾಚ್ ಮುಗಿದ ಮೇಲೆ ಹುಡುಗರು ಸುತ್ತ ಮುತ್ಕೊಂಡ್ರು. "ಅಣ್ಣಾ, ನಂದು ಬಂತಾ? ಅಣ್ಣಾ, ಹೆಡರ್ ಹೊಡೆದಿದ್ದು ಬಂತಾ?" ಈ ಊರಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಎಲ್ಲ ಓಡುತ್ತೆ, 'ಅಣ್ಣಾ' ಅಂದ್ರೆ ಎಲ್ಲರಿಗೂ ತಿಳಿಯುತ್ತೆ. ಅವನು ಸೋತ ಟೀಮ್‌ನ ಗೋಲ್ ಕೀಪರ್‌ಗೆ ಮೊದಲು ತೋರಿಸಿದ. ನಾಲ್ಕು ಗೋಲ್ ಬಿಟ್ಟಿದ್ದ ಹುಡುಗ. ಆದ್ರೆ ಐದನೇದನ್ನ ಪೂರ್ತಿ ಗಾಳೀಲಿ ಹಾರಿ ತಳ್ಳಿದ್ದ, ಆ ಫ್ರೇಮ್ ಸಿಕ್ಕಿತ್ತು. ಆಯೋಜಕರ ಲಿಸ್ಟಲ್ಲಿ ಆ ಫೋಟೋ ಇರಲಿಲ್ಲ.

ಎರಡನೇ ಕೆಲಸ: ರಾತ್ರಿ ಲೈಟಲ್ಲಿ ಕಬಡ್ಡಿ

ಇದು ಬಂಗಾರಪೇಟೆ ಹತ್ರ. ಮ್ಯಾಟ್ ಹಾಕಿ, ನಾಲ್ಕು ಕಂಬಕ್ಕೆ ಲೈಟ್ ಕಟ್ಟಿದ್ರು. ನಾನು ನನ್ನ ಫೋನಲ್ಲಿ ಒಂದಾದ ಮೇಲೆ ಒಂದು ತೆಗೆದೆ. ಒಂದು ಫೋಟೋ ಬೆಳ್ಳಗೆ, ಮುಂದಿನದು ಹಳದಿ, ಅದರ ಮುಂದಿನದು ಅರ್ಧ ಕತ್ತಲು. ಫೋನ್ ಕೆಟ್ಟೋಯ್ತಾ ಅನ್ಕೊಂಡೆ.

ಕೆಟ್ಟಿರಲಿಲ್ಲ. ನಮ್ಮ ದೇಶದ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುತ್ತೆ. ಅದಕ್ಕೇ ಎಷ್ಟೋ ಲೈಟ್‌ಗಳು ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆ ಆಗ್ತಾ ಇರುತ್ತೆ. ಕಣ್ಣಿಗೆ ಗೊತ್ತಾಗಲ್ಲ. ಆದ್ರೆ ಶಟರ್ 1000ನೇ ಒಂದು ಭಾಗ ಮಾತ್ರ ತೆರೆದ್ರೆ, ಲೈಟ್ ಜೋರಾಗಿದ್ದ ಕ್ಷಣವೋ ಮಂಕಾಗಿದ್ದ ಕ್ಷಣವೋ, ಯಾವುದೋ ಒಂದು ಸಿಗುತ್ತೆ. ಅದು ಅದೃಷ್ಟದ ಆಟ. ಈಗಿನ ಕೆಲವು ಕ್ಯಾಮೆರಾಗಳು ಈ ಮಿಣುಕನ್ನ ಗುರುತಿಸಿ, ಬೆಳಕು ಜಾಸ್ತಿ ಇರೋ ಕ್ಷಣಕ್ಕೇ ಶಟರ್ ತೆರೆಯೋ ಹಾಗೆ ಮಾಡುತ್ವೆ. ಅದಿಲ್ಲದಿದ್ರೆ ಶಟರ್ 100ನೇ ಒಂದು ಭಾಗಕ್ಕೆ ಇಟ್ಕೊಂಡು, ರೇಡರ್ ಒಂದು ಕ್ಷಣ ನಿಲ್ಲೋ ಜಾಗಕ್ಕೆ ಕಾಯಬೇಕು. ಬೋನಸ್ ಗೆರೆ ಹತ್ರ ಕಾಲು ಚಾಚೋ ಮುಂಚೆ ಆಟಗಾರ ಅರೆಕ್ಷಣ ತೂಗ್ತಾನೆ ನೋಡಿ, ಆ ಜಾಗ. ಅಂದ್ರೆ ಆಟ ಗೊತ್ತಿರೋರಿಗೆ ಮಾತ್ರ ಆ ಫೋಟೋ ಸಿಗುತ್ತೆ. ನನ್ನ ಗೆಳೆಯ ಹೈಸ್ಕೂಲಲ್ಲಿ ಕಬಡ್ಡಿ ಆಡಿದವನು, ಈ ಕೆಲಸಕ್ಕೆ ಅದೇ ಅವನಿಗೆ ಬಂಡವಾಳ.

ರಾತ್ರಿ ಹನ್ನೊಂದಕ್ಕೆ ಮುಗೀತು. ಪಾನಿಪುರಿ ತಿನ್ನೋಣ ಅಂದ್ರೆ ಗಾಡಿಗಳೆಲ್ಲ ಮುಚ್ಚಿದ್ವು. ಬಂಗಾರಪೇಟೆಗೆ ಹೋಗಿ ಆ ತಿಳಿ ನೀರಿನ ಪಾನಿಪುರಿ ತಿನ್ನದೆ ವಾಪಸ್ ಬಂದಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಭಾನುವಾರದ ಲೆಕ್ಕ

ನಾನು ಬಿಕಾಂ ಓದಿದವನು, ಲೆಕ್ಕ ಹಾಕದೆ ಇರೋಕಾಗಲ್ಲ. ಇದು ಅವನ ನಿಜವಾದ ಬಿಲ್ ಅಲ್ಲ, ಅರ್ಥ ಆಗ್ಲಿ ಅಂತ ನಾನು ಹಾಕಿದ ಉದಾಹರಣೆ.

ಒಂದು ಮ್ಯಾಚ್‌ಗೆ 4,500 ರೂಪಾಯಿ ಅಂತಿಟ್ಕೊಳ್ಳಿ. ಅರ್ಧ ದಿನಕ್ಕೆ ಪರವಾಗಿಲ್ಲ ಅನ್ಸುತ್ತೆ ಅಲ್ವಾ? ಈಗ ಖರ್ಚು. 1,20,000 ರೂಪಾಯಿ ಕ್ಯಾಮೆರಾ ಬಾಡಿ, ಅದರ ಶಟರ್ ಸುಮಾರು 2,00,000 ಕ್ಲಿಕ್ ತಡೆಯುತ್ತೆ ಅಂತಿಟ್ಕೊಂಡ್ರೆ ಒಂದು ಕ್ಲಿಕ್‌ಗೆ 60 ಪೈಸೆ ಸವೆತ. ಮ್ಯಾಚಲ್ಲಿ 1,500 ಕ್ಲಿಕ್. ಅಲ್ಲಿಗೆ 900 ರೂಪಾಯಿ ಹೋಯ್ತು. ಪೆಟ್ರೋಲ್, ಟೀ 300. ಲೆನ್ಸ್, ಬ್ಯಾಟರಿ, ಮೆಮೊರಿ ಕಾರ್ಡ್, ಹಾರ್ಡ್ ಡಿಸ್ಕ್ ಸವೆತಕ್ಕೆ 400. ಒಟ್ಟು 1,600. ಉಳಿದಿದ್ದು 2,900.

ಇನ್ನು ಟೈಮ್. ಗ್ರೌಂಡಲ್ಲಿ 4 ಗಂಟೆ, ಓಡಾಟ 2 ಗಂಟೆ, 1,500 ಫೋಟೋದಿಂದ 80 ಆರಿಸಿ ಬಣ್ಣ ಸರಿ ಮಾಡಿ ಕಳಿಸೋಕೆ 5 ಗಂಟೆ. ಒಟ್ಟು 11 ಗಂಟೆ. ಗಂಟೆಗೆ ಸುಮಾರು 264 ರೂಪಾಯಿ. ಅದೂ ದುಡ್ಡು ಬಂದ್ರೆ!

ಬರೋದು ತಡ ಆದ್ರೆ ಏನು ಮಾಡ್ಬಹುದು? ಇಲ್ಲೊಂದು ವಿಷಯ ಎಷ್ಟೋ ಫ್ರೀಲಾನ್ಸರ್‌ಗಳಿಗೆ ಗೊತ್ತಿಲ್ಲ. ಉದ್ಯಮ್ ಅನ್ನೋ ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ಒಬ್ಬನೇ ಕೆಲಸ ಮಾಡೋ ಫೋಟೋಗ್ರಾಫರ್ ಕೂಡ 'ಸೂಕ್ಷ್ಮ ಉದ್ಯಮ' ಅಂತ ನೋಂದಣಿ ಮಾಡ್ಕೋಬಹುದು. ಆಧಾರ್, ಪ್ಯಾನ್ ಬೇಕು, ಫೀಸ್ ಇಲ್ಲ. ದುಡ್ಡು ಕೇಳೋ ವೆಬ್‌ಸೈಟ್ ಆದ್ರೆ ಅದು ಸರ್ಕಾರದ್ದಲ್ಲ, ಹುಷಾರು. ನೋಂದಣಿ ಇದ್ರೆ 2006ರ ಎಂಎಸ್‌ಎಂಇಡಿ ಕಾಯ್ದೆ ನಿಮ್ಮ ಕಡೆ ಇರುತ್ತೆ. ಬರಹದಲ್ಲಿ ಒಪ್ಪಂದ ಇದ್ರೆ ಆ ದಿನಾಂಕಕ್ಕೆ, ಏನೇ ಆದ್ರೂ 45 ದಿನದೊಳಗೆ ದುಡ್ಡು ಕೊಡ್ಬೇಕು. ಒಪ್ಪಂದವೇ ಇಲ್ಲದಿದ್ರೆ 15 ದಿನ. ತಡ ಆದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೆಲಸ ಒಪ್ಪಿಕೊಳ್ಳೋ ಮುಂಚೆನೇ ನೋಂದಣಿ ಇದ್ರೆ ಸೇಫ್. ಎಲ್ಲರ ಮೇಲೂ ಕೇಸ್ ಹಾಕಿ ಅಂತ ನಾನು ಹೇಳ್ತಿಲ್ಲ. ಬಿಲ್‌ನ ಕೆಳಗೆ ಉದ್ಯಮ್ ನಂಬರ್ ಹಾಕಿ, ದೊಡ್ಡ ಕಂಪನಿಗಳ ಅಕೌಂಟ್ಸ್ ವಿಭಾಗದವರು ಅದನ್ನ ಗಮನಿಸ್ತಾರೆ.

ಹಾಗೇ ಟಿಡಿಎಸ್. ಕಂಪನಿ ಬಿಲ್‌ನಲ್ಲಿ 10% ಹಿಡ್ಕೊಂಡ್ರೆ ಅದು ಹೋಯ್ತು ಅಂತಲ್ಲ. ನಿಮ್ಮ ಪ್ಯಾನ್ ಮೇಲೆ ಜಮಾ ಆಗಿರುತ್ತೆ. ನಿಮ್ಮ ಆದಾಯಕ್ಕೆ ತೆರಿಗೆ ಬೀಳದಿದ್ರೆ ರಿಟರ್ನ್ ಹಾಕಿ ವಾಪಸ್ ತಗೋಬಹುದು. ರಿಟರ್ನ್ ಹಾಕದೆ ಬಿಟ್ಟವರ ದುಡ್ಡು ಸರ್ಕಾರದ ಹತ್ರಾನೇ ಉಳಿಯುತ್ತೆ.

ಫ್ರೀಲಾನ್ಸ್ ಅನ್ನೋದು ನಮ್ಮ ತಲೆಮಾರು ಕಂಡುಹಿಡಿದಿದ್ದು ಅನ್ಕೋಬೇಡಿ. ಮೈಸೂರಿನ ಟಿ.ಎಸ್. ಸತ್ಯನ್ ಅವರು (1923–2009) ವೃತ್ತಿಯ ಬಹುಪಾಲು ಹೀಗೇ ಸ್ವತಂತ್ರವಾಗಿ ದುಡಿದವರು. 'ಲೈಫ್' ಥರದ ಪತ್ರಿಕೆಗಳಿಗೆ ತೆಗೆದ್ರು. ಯುನಿಸೆಫ್‌ಗಾಗಿ ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನ ಆದ್ವು. 1977ರಲ್ಲಿ ಪದ್ಮಶ್ರೀ ಬಂತು. ಅವರ ಫೋಟೋಗಳಲ್ಲಿ ಹೆಚ್ಚಿನ ಜನ ನಿಮ್ಮ ನಮ್ಮ ಥರದವರೇ.

ಮೂರನೇ ಕೆಲಸ: ತಾತನ ಪೋರ್ಟ್ರೇಟ್

ಈಗ ಮುಖ್ಯ ವಿಷಯಕ್ಕೆ ಬರೋಣ.

ಬೆಂಗಳೂರಿನ ಒಂದು ಏಜೆನ್ಸಿಗೆ ಗಣಿ ಕಾರ್ಮಿಕರೊಬ್ಬರ ಪೋರ್ಟ್ರೇಟ್ ಬೇಕಾಗಿತ್ತು. ನನ್ನ ಗೆಳೆಯನಿಗೆ ಒಬ್ಬರು ತಾತ ಗೊತ್ತಿದ್ರು. ಗಣಿ ಮುಚ್ಚೋವರೆಗೂ ಅಲ್ಲೇ ಕೆಲಸ ಮಾಡಿದವರು, ಕಾರ್ಮಿಕರ ಲೈನ್ ಮನೆಯಲ್ಲಿ ಮಗಳ ಕುಟುಂಬದ ಜೊತೆ ಇದ್ರು. ಒಪ್ಪಿದ್ರು. ಏಜೆನ್ಸಿಯವರು ಒಂದು ಹೆಲ್ಮೆಟ್ ಕಳಿಸಿದ್ರು, ಮುಂದೆ ಲ್ಯಾಂಪ್ ಇರೋದು. ಜೊತೆಗೆ ಮೆಸೇಜ್: ಮುಖಕ್ಕೆ ಮಸಿ, ಹಿಂದೆ ಸೈನೈಡ್ ದಿಬ್ಬ, ನಗಬಾರದು.

ತಾತ ಹೆಲ್ಮೆಟ್ ತಿರುಗಿಸಿ ನೋಡಿದ್ರು. "ಇದು ನಮ್ಮದಲ್ಲ" ಅಂದ್ರು ತಮಿಳಲ್ಲಿ. ಮಸಿ ಬೇಡ ಅಂದ್ರು. "ಒಳಗಿಂದ ಬಂದ ಮೇಲೆ ದಿನಾ ಸ್ನಾನ ಮಾಡಿ ಮನೆಗೆ ಬರ್ತಿದ್ದೆ ಕಣಪ್ಪಾ." ಆದ್ರೂ ಹುಡುಗನ ಕೆಲಸ ಕೆಡಬಾರದು ಅಂತ ಹೆಲ್ಮೆಟ್ ಹಾಕ್ಕೊಂಡು ದಿಬ್ಬದ ಹತ್ರ ಬಂದು ನಿಂತ್ರು.

ಅಲ್ಲಿ ಬೆಳಕಿನ ಒಂದು ಪಾಠ ಇದೆ. ಕ್ಯಾಮೆರಾಗೆ ಮುಂದಿರೋದು ಬಿಳಿಯೋ ಕಪ್ಪೋ ಗೊತ್ತಿಲ್ಲ. ಎಲ್ಲವನ್ನೂ ಸರಾಸರಿ ಬೂದು ಬಣ್ಣ ಅಂದ್ಕೊಂಡು ಅಳೆಯುತ್ತೆ. ಹಿಂದೆ ಬಿಳಿ ದಿಬ್ಬ ಇದ್ರೆ "ಅಯ್ಯೋ, ಬೆಳಕು ಜಾಸ್ತಿ" ಅಂತ ಇಡೀ ಫೋಟೋನ ಕಪ್ಪು ಮಾಡುತ್ತೆ. ಮುಂದೆ ನಿಂತಿರೋ ಕಪ್ಪು ಮೈಬಣ್ಣದ ಮನುಷ್ಯನ ಮುಖ ಇದ್ದಿಲಾಗುತ್ತೆ. ನಮ್ಮ ಕಡೆಯ ಎಷ್ಟೋ ಜನ "ನಾನು ಫೋಟೋದಲ್ಲಿ ಚೆನ್ನಾಗಿ ಬರಲ್ಲ" ಅನ್ನೋದು ಇದೇ ತಪ್ಪಿನಿಂದ. ತಪ್ಪು ಅಳತೆಯದ್ದು, ಮುಖದ್ದಲ್ಲ. ಅವನು ಮುಖಕ್ಕೆ ಅಳತೆ ಇಟ್ಟು, ದಿಬ್ಬ ಬೆಳ್ಳಗಾದ್ರೆ ಆಗ್ಲಿ ಅಂತ ಬಿಟ್ಟ.

ಕೆಲಸ ಮುಗೀತು, ಕಾರ್ಡ್ ತೆಗೆದು ಚೀಲಕ್ಕೆ ಹಾಕಿದ. ಆಮೇಲೆ ಕೇಳಿದ: "ತಾತಾ, ಈಗ ನಿಮಗೆ ಹೇಗೆ ಬೇಕೋ ಹಾಗೆ ಒಂದು ತೆಗೆಯಲಾ?"

ತಾತ ಮನೆ ಒಳಗೆ ಹೋದ್ರು. ಇಪ್ಪತ್ತು ನಿಮಿಷ ಬರಲೇ ಇಲ್ಲ. ಬಂದಾಗ ಇಸ್ತ್ರಿ ಮಾಡಿದ ಬಿಳಿ ಶರ್ಟ್, ಬಾಚಿದ ಕೂದಲು. ಕೈಯಲ್ಲಿ ಗೋಡೆಯಿಂದ ತೆಗೆದ ಒಂದು ಫ್ರೇಮ್. ಗಣಿ ಕಾಲದ ಫುಟ್ಬಾಲ್ ಟೀಮ್ ಗ್ರೂಪ್ ಫೋಟೋ. ಹಿಂದಿನ ಸಾಲಲ್ಲಿ ಎಡದಿಂದ ಮೂರನೆಯವರು ಅವರೇ. ಕೆಳಗೆ ಎಲ್ಲ ಆಟಗಾರರ ಹೆಸರಿತ್ತು. ಫೋಟೋ ತೆಗೆದವರ ಹೆಸರು ಮಾತ್ರ ಇರಲಿಲ್ಲ.

ಬಾಗಿಲ ಹತ್ರ ಕುರ್ಚಿ ಹಾಕಿ ಕೂರಿಸಿದ. ಮನೆ ಬಾಗಿಲಿಂದ ಬರೋ ಬೆಳಕು ಒಂದೇ ಕಡೆಯಿಂದ, ಮೆತ್ತಗೆ ಬರುತ್ತೆ, ಫ್ಲಾಶ್ ಬೇಡ. ಬೇರೆ ಕಾರ್ಡ್ ಹಾಕಿ ಆರೇಳು ಕ್ಲಿಕ್ ಮಾಡಿದ. ಯಾವ ಮ್ಯಾಚಲ್ಲಿ ಗೋಲ್ ಹೊಡೆದಿದ್ರು ಅಂತ ಅವರು ಹೇಳ್ತಾ ಇದ್ರು, ಇವನು ತೆಗೀತಾ ಇದ್ದ.

ಎರಡು ತಿಂಗಳಾದ ಮೇಲೆ ತಾತ ತೀರಿಕೊಂಡ್ರು. ಮಗಳು ಫೋನ್ ಮಾಡಿದ್ರು. "ತಮ್ಮಾ, ಅಪ್ಪಂದು ಒಳ್ಳೆ ಫೋಟೋ ಒಂದೂ ಇಲ್ಲ. ನೀನು ತೆಗೆದಿದ್ದು ಕೊಡ್ತೀಯಾ? ಆ ಹೆಲ್ಮೆಟ್‌ದು ಯಾರೋ ವಾಟ್ಸಾಪಲ್ಲಿ ಕಳಿಸಿದ್ರು, ಅದನ್ನ ಹಾಕೋಕೆ ಮನಸ್ಸಾಗ್ತಿಲ್ಲ."

ಅವನು ತಕ್ಷಣ ಹ್ಞೂಂ ಅನ್ನಲಿಲ್ಲ. ನನಗೆ ಫೋನ್ ಮಾಡಿದ. "ಏಜೆನ್ಸಿಗೆ 'ಎಲ್ಲಾ ಫೈಲ್, ಎಲ್ಲಾ ಹಕ್ಕು ನಿಮ್ಮದೇ, ಬೇರೆ ಯಾರಿಗೂ ಕೊಡಲ್ಲ' ಅಂತ ಒಪ್ಕೊಂಡು ಮೇಲ್ ಮಾಡಿದ್ದೀನಿ ಮಚ್ಚಾ. ಈಗ ಕೊಟ್ರೆ ನಾನು ಸಿಕ್ಕಾಕ್ಕೊಳ್ತೀನಾ?"

ಕಾನೂನು ಏನು ಹೇಳುತ್ತೆ?

ಫೋಟೋ ತೆಗೆದವನೇ ಅದರ ಮಾಲೀಕ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಓದಿದ್ರೆ ಆಶ್ಚರ್ಯ ಆಗುತ್ತೆ. ಮೂಲ ನಿಯಮ ಅದೇ: ಸೃಷ್ಟಿಸಿದವನೇ ಮೊದಲ ಮಾಲೀಕ. ಆದ್ರೆ ಫೋಟೋಗೆ ಒಂದು ದೊಡ್ಡ ವಿನಾಯಿತಿ ಇದೆ. ಯಾರಾದ್ರೂ ಹೇಳಿ, ದುಡ್ಡು ಕೊಟ್ಟು ತೆಗೆಸಿದ್ರೆ, ಬೇರೆ ಒಪ್ಪಂದ ಇಲ್ಲದಿದ್ರೆ, ತೆಗೆಸಿದವರೇ ಮೊದಲ ಮಾಲೀಕರು.

ಅಂದ್ರೆ ನಿಮ್ಮ ಮದುವೆಗೆ ನೀವು ದುಡ್ಡು ಕೊಟ್ಟು ಫೋಟೋ ತೆಗೆಸಿದ್ರೆ, ಬೇರೆ ಮಾತಾಗಿಲ್ಲದಿದ್ರೆ ಹಕ್ಕು ನಿಮ್ಮದು. ಫುಟ್ಬಾಲ್ ಫೈನಲ್‌ದು ಆಯೋಜಕರದ್ದು. ತಾತನ ಹೆಲ್ಮೆಟ್ ಫೋಟೋ ಏಜೆನ್ಸಿಯದ್ದು. ಗಮನಿಸಿ, ಅವನು ಆ ಮೇಲ್ ಮಾಡದೆ ಸುಮ್ಮನಿದ್ದಿದ್ರೂ ಅದು ಏಜೆನ್ಸಿಯದ್ದೇ ಆಗ್ತಿತ್ತು. ಸುಮ್ಮನಿದ್ರೆ ಫ್ರೀಲಾನ್ಸರ್‌ಗೆ ನಷ್ಟ, ಮಾತಾಡಿದ್ರೆ ಮಾತ್ರ ಉಳಿಯುತ್ತೆ.

ಹಾಗಾದ್ರೆ ಎರಡನೇ ಫೋಟೋ? ಅದನ್ನ ಏಜೆನ್ಸಿ ಕೇಳಿರಲಿಲ್ಲ. ಅದಕ್ಕೆ ಯಾರೂ ದುಡ್ಡು ಕೊಟ್ಟಿರಲಿಲ್ಲ. ಕೆಲಸ ಮುಗಿದ ಮೇಲೆ, ತಾನಾಗೇ, ತಾತನ ಒಪ್ಪಿಗೆ ಕೇಳಿ ತೆಗೆದಿದ್ದು. ಆ ವಿನಾಯಿತಿ ಇಲ್ಲಿ ಹೊಂದಲ್ಲ, ಮೂಲ ನಿಯಮ ಬರುತ್ತೆ: ತೆಗೆದವನೇ ಮಾಲೀಕ. ಏಜೆನ್ಸಿಯವರು ಅದೇ ದಿನ ತೆಗೆದಿದ್ದು ಅಂತ ವಾದ ಮಾಡಬಹುದು, ಮಾಡಲ್ಲ ಅಂತ ಹೇಳಲ್ಲ. ಆದ್ರೆ ಬೇರೆ ಕಾರ್ಡು, ಬೇರೆ ಸಮಯ, ಅವರು ಕೇಳಿದ್ದಕ್ಕೆ ಪೂರ್ತಿ ಉಲ್ಟಾ ಇರೋ ಫೋಟೋ. ಇವನ ಕಡೆ ಕಾರಣ ಗಟ್ಟಿಯಾಗಿತ್ತು. ನಾನೂ ಹಾಗೇ ಹೇಳಿದೆ, ಪರಿಚಯದ ವಕೀಲರೊಬ್ಬರೂ ಹಾಗೇ ಹೇಳಿದ್ರು.

ಇನ್ನೂ ಮೂರು ವಿಷಯ ತಿಳ್ಕೊಂಡಿರಿ. ಒಂದು, ಹಕ್ಕು ವರ್ಗಾವಣೆ ಆಗ್ಬೇಕಾದ್ರೆ ಬರಹದಲ್ಲಿ ಇರ್ಬೇಕು, ಸಹಿ ಇರ್ಬೇಕು. ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲದಿದ್ರೆ 5 ವರ್ಷ ಅಂತ, ಎಲ್ಲಿಗೆ ಅಂತ ಬರೆದಿಲ್ಲದಿದ್ರೆ ಭಾರತಕ್ಕೆ ಮಾತ್ರ ಅಂತ ಕಾನೂನು ಓದಿಕೊಳ್ಳುತ್ತೆ. ಎರಡು, ಹಕ್ಕು ಮಾರಿದ್ರೂ 'ಇದು ನಾನು ತೆಗೆದಿದ್ದು' ಅಂತ ಹೇಳಿಕೊಳ್ಳೋ ಹಕ್ಕು ಹೋಗಲ್ಲ, ಅದು 57ನೇ ಸೆಕ್ಷನ್. ಕ್ರೆಡಿಟ್ ಕೇಳೋದು ಭಿಕ್ಷೆ ಅಲ್ಲ. ಮೂರು, 2012ರ ತಿದ್ದುಪಡಿ ಆದ ಮೇಲೆ ಫೋಟೋ ಮೇಲಿನ ಹಕ್ಕು ತೆಗೆದವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಇರುತ್ತೆ. ನಿಮ್ಮ ಹಾರ್ಡ್ ಡಿಸ್ಕ್‌ನಲ್ಲಿರೋದು ನಿಮ್ಮ ಮೊಮ್ಮಕ್ಕಳಿಗೂ ಬರೋ ಆಸ್ತಿ.

ಆದ್ರೆ ಈ ಎಲ್ಲದರಲ್ಲಿ ಒಬ್ಬರ ಹೆಸರೇ ಬರಲಿಲ್ಲ. ಫೋಟೋದಲ್ಲಿ ಇರೋರು. ತಾತನ ಮುಖ ತಾತಂದೇ, ಆದ್ರೆ ಈ ಕೃತಿಸ್ವಾಮ್ಯದ ಲೆಕ್ಕದಲ್ಲಿ ತಾತನೂ ಇಲ್ಲ, ಮಗಳೂ ಇಲ್ಲ. ಅದಕ್ಕೇ ಈಗ ಅವನು ಪೋರ್ಟ್ರೇಟ್ ಕೆಲಸ ಒಪ್ಪೋ ಮುಂಚೆ ಕ್ಲೈಂಟ್‌ಗೆ ಮೂರು ಸಾಲು ಕಳಿಸ್ತಾನೆ. ಬಳಕೆ ಎಲ್ಲಿ, ಎಷ್ಟು ಕಾಲ. ಫೋಟೋಗ್ರಾಫರ್ ತನ್ನ ಪೋರ್ಟ್‌ಫೋಲಿಯೋದಲ್ಲಿ ಬಳಸಬಹುದು. ಫೋಟೋದಲ್ಲಿ ಇರೋರಿಗೆ ಒಂದು ಪ್ರತಿ ಕೊಡ್ತೀನಿ, ಮನೆ ಬಳಕೆಗೆ. "ಒಪ್ಪಿಗೆ" ಅಂತ ಉತ್ತರ ಬಂದ ಮೇಲೆ ಕ್ಯಾಮೆರಾ ಚೀಲ ತಗೊಳ್ತಾನೆ. ಮಕ್ಕಳ ಆಟ ಆದ್ರೆ ಕೋಚ್ ಮೂಲಕ ಅಪ್ಪ ಅಮ್ಮನ ಒಪ್ಪಿಗೆ ಕೇಳ್ತಾನೆ. 2023ರ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯ್ದೆ ಕೂಡ 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಬೇಕು ಅನ್ನುತ್ತೆ.

ಈ ಮೂರು ಸಾಲಿನಿಂದ ಕೆಲಸ ಕಳ್ಕೊಂಡಿದ್ದೂ ಇದೆ. ಒಬ್ಬರು "ಇಷ್ಟೆಲ್ಲಾ ಕಂಡೀಷನ್ ಇದ್ರೆ ಬೇರೆಯವರನ್ನ ನೋಡ್ಕೊಳ್ತೀವಿ" ಅಂದ್ರಂತೆ. ಆ ತಿಂಗಳ ಕಂತು ನನ್ನ ಹತ್ರ ಸಾಲ ತಗೊಂಡು ಕಟ್ಟಿದ.

ನಾನೂ ಒಂದು ತಪ್ಪು ಒಪ್ಕೋಬೇಕು. ಈ ಪಾಡ್‌ಕಾಸ್ಟ್‌ನ ಒಂದು ಹಳೇ ಎಪಿಸೋಡ್‌ಗೆ ಅವನ ಫೋಟೋನ ಕೇಳದೆ ಕವರ್ ಮಾಡಿದ್ದೆ. ಗೆಳೆಯ ತಾನೇ ಅಂತ. ಈ ಎಪಿಸೋಡ್ ರೆಡಿ ಮಾಡುವಾಗ ನೆನಪಾಯ್ತು. ಹೆಸರಿಲ್ಲದೆ ಉಳಿಯೋಕೆ ಅವನಿಗೆ ಇಷ್ಟ, ಹಾಗಾಗಿ ಕ್ರೆಡಿಟ್ ಬದಲು ಬಿಲ್ ಕೇಳಿದೆ. ಕಳಿಸಿದ್ದಾನೆ. ಉದ್ಯಮ್ ನಂಬರ್ ಸಮೇತ! 15 ದಿನ ಟೈಮ್ ಇದೆ.

ನಿಮ್ಮ ಫೋನಿಗೆ ಮೂರು ಮಾತು

ಕ್ಯಾಮೆರಾ ಇಲ್ಲದವರು ಇವತ್ತೇ ಮಾಡಬಹುದಾದ್ದು ಹೇಳಿ ಮುಗಿಸ್ತೀನಿ. ಮನೇಲಿ ಅಜ್ಜಿ ತಾತ ಇದ್ರೆ ಬಾಗಿಲು ಅಥವಾ ಕಿಟಕಿ ಪಕ್ಕ ಕೂರಿಸಿ, ಟ್ಯೂಬ್‌ಲೈಟ್ ಆಫ್ ಮಾಡಿ, ಫ್ಲಾಶ್ ಬೇಡ. ಸ್ಕ್ರೀನ್ ಮೇಲೆ ಅವರ ಮುಖ ಮುಟ್ಟಿ, ಪಕ್ಕದಲ್ಲಿ ಬರೋ ಸೂರ್ಯನ ಗುರುತನ್ನ ಮುಖ ಸರಿಯಾಗಿ ಕಾಣೋವರೆಗೂ ಮೇಲೆ ಕೆಳಗೆ ಜರುಗಿಸಿ. ಮತ್ತೆ, ಹೇಗೆ ಬೇಕು ಅಂತ ಅವರನ್ನೇ ಕೇಳಿ. ಶರ್ಟ್ ಬದಲಾಯಿಸೋಕೆ ಇಪ್ಪತ್ತು ನಿಮಿಷ ತಗೊಂಡ್ರೆ ಕಾಯಿರಿ.

ಆ ಫೋಟೋ ಏನಾಯ್ತು ಅಂತ ಹೇಳ್ಬೇಕಲ್ಲ. ಕೊಟ್ಟ. ರಾಬರ್ಟ್‌ಸನ್‌ಪೇಟೆಯಲ್ಲಿ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ, ತಾನೇ ತಗೊಂಡು ಹೋದ. ನಾನೂ ಹೋಗಿದ್ದೆ. ಗೋಡೆ ಮೇಲೆ ಹಳೇ ಟೀಮ್ ಫೋಟೋ ಅದರ ಜಾಗಕ್ಕೆ ವಾಪಸ್ ಬಂದಿತ್ತು, ಪಕ್ಕದಲ್ಲಿ ಇದನ್ನ ಹಾಕಿದ್ರು. ಅಕ್ಕ ದುಡ್ಡು ಕೊಡೋಕೆ ಬಂದ್ರು, ಇವನು ಬೇಡ ಅಂದ. ಕೊನೆಗೆ ಊಟ ಹಾಕಿ ಕಳಿಸಿದ್ರು.

ಪ್ರಿಂಟ್‌ನ ಹಿಂದೆ ಪೆನ್ಸಿಲಲ್ಲಿ ಎರಡು ಸಾಲು ಬರೆದಿದ್ದಾನೆ. ತಾತನ ಹೆಸರು, ತೆಗೆದ ದಿನಾಂಕ. ಅದರ ಕೆಳಗೆ ತನ್ನ ಹೆಸರು.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ನಿಮ್ಮ ಮನೇಲಿ ತೆಗೆದವರ ಹೆಸರಿಲ್ಲದ ಹಳೇ ಫೋಟೋ ಇದ್ರೆ, ಯಾರು ತೆಗೆದಿದ್ದು ಅಂತ ಇವತ್ತೇ ಮನೇಲಿ ದೊಡ್ಡವರನ್ನ ಕೇಳಿ ನೋಡಿ. ನಮಸ್ಕಾರ.